ಆಮ್ಲ: ಯಾರ ಎದುರಿಗೆ?

(ಮಾಟುಂಗಾದಲ್ಲಿ ಮುಂಬಯಿ ಕನ್ನಡಿಗರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ)

ಚಾಳಿನಲ್ಲಿ ಬೆಳೆದವರಿಗೆ ಕೇರಂ ಬೋರ್ಡಿನ ಪರಿಚಯ ಮಾಡಿಕೊಡಬೇಕಿಲ್ಲ. ಅದರ ಮೇಲೆ ಉದುರಿಸುವ ಬಿಳಿ ಪುಡಿಯನ್ನು ನಾವೆಲ್ಲ ಬೋರಿಕ್ ಪೌಡರ್ ಅನ್ನುತ್ತೇವೆ. ಪೂರ್ತಿ ಹೆಸರು ಬೋರಿಕ್ ಆಸಿಡ್. ಆಸಿಡ್ ಅಂದರೂ ಬೆರಳು ಸುಡುವುದಿಲ್ಲ, ಬಟ್ಟೆ ತೂತಾಗುವುದಿಲ್ಲ. (ಮಕ್ಕಳ ಬಾಯಿಗೆ ಮಾತ್ರ ಹೋಗಬಾರದು, ಅದು ವಿಷ.) ಅದರ ಒಂದು ಅಣುವಿನಲ್ಲಿ ಒಂದು ಬೋರಾನ್, ಮೂರು ಆಕ್ಸಿಜನ್, ಮೂರು ಹೈಡ್ರೋಜನ್ ಇವೆ. ಹತ್ತನೇ ತರಗತಿಯಲ್ಲಿ ನಾವು ಏನು ಕಲಿತೆವು? ನೀರಿನಲ್ಲಿ ಕರಗಿದಾಗ ತನ್ನ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುವುದೇ ಆಮ್ಲ. ಬೋರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ. ತನ್ನ ಮೂರು ಹೈಡ್ರೋಜನ್‌ಗಳಲ್ಲಿ ಒಂದನ್ನೂ ಅದು ಬಿಟ್ಟುಕೊಡುವುದಿಲ್ಲ. ಆದರೂ ದ್ರಾವಣದ ಪಿಎಚ್ 7ಕ್ಕಿಂತ ಕೆಳಗೆ ಇಳಿಯುತ್ತದೆ, ಅಂದರೆ ದ್ರಾವಣ ಆಮ್ಲೀಯವಾಗುತ್ತದೆ.

ಏನನ್ನೂ ಕೊಡದೆ ಆಮ್ಲವಾಗುವುದು ಹೇಗೆ? ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿರಲಿ. ಉತ್ತರಕ್ಕೆ ಸ್ವಲ್ಪ ಸುತ್ತಿ ಬರಬೇಕು.

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸ್‌ನಲ್ಲಿ ಲವೋಸಿಯೆ ಗಂಧಕ, ರಂಜಕ, ಇದ್ದಿಲನ್ನು ಸುಟ್ಟು ನೋಡಿದರು. ಸುಟ್ಟು ಬಂದದ್ದನ್ನು ನೀರಿಗೆ ಹಾಕಿದರೆ ದ್ರಾವಣ ಹುಳಿ. ಸುಡುವಾಗ ಸೇರಿಕೊಳ್ಳುವುದು ಆಕ್ಸಿಜನ್. ಹಾಗಾದರೆ ಹುಳಿಗೆ ಕಾರಣ ಆಕ್ಸಿಜನ್ನೇ ಎಂದು ಅವರು ತೀರ್ಮಾನಿಸಿದರು, ಅದೇ ಅರ್ಥ ಬರುವಂತೆ ಹೆಸರನ್ನೂ ಇಟ್ಟರು. ಅವರ ಕೈಯಲ್ಲಿದ್ದ ಪುರಾವೆಗೆ ಅದು ನ್ಯಾಯವಾದ ತೀರ್ಮಾನವೇ. ಎದುರು ನಿಂತದ್ದು ಮ್ಯೂರಿಯಾಟಿಕ್ ಆಸಿಡ್, ಇವತ್ತು ಬಾತ್‌ರೂಮ್ ಟೈಲ್ಸ್ ತೊಳೆಯಲು ಬಾಟಲಿಯಲ್ಲಿ ತರುವ ಹೈಡ್ರೋಕ್ಲೋರಿಕ್ ಆಮ್ಲ. ಅದರಿಂದ ಬರುವ ಹಸಿರು-ಹಳದಿ ಅನಿಲದಲ್ಲಿ ಆಕ್ಸಿಜನ್ ಅಡಗಿದೆ ಎಂದೇ ಎಲ್ಲರೂ ನಂಬಿದ್ದರು. 1810ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಆ ಅನಿಲ ಸ್ವತಃ ಒಂದು ಮೂಲಧಾತು ಎಂದು ಸಾರಿ ಅದಕ್ಕೆ ಕ್ಲೋರಿನ್ ಎಂದು ಹೆಸರಿಟ್ಟರು. ಇಷ್ಟು ಜೋರಾದ ಆಮ್ಲದಲ್ಲಿ ಆಕ್ಸಿಜನ್ನಿನ ಸುಳಿವೇ ಇಲ್ಲ. ಗಮನ ಹೈಡ್ರೋಜನ್ ಕಡೆ ತಿರುಗಿತು. 1838ರಲ್ಲಿ ಜರ್ಮನಿಯ ಲೀಬಿಗ್ ಅದನ್ನು ಇನ್ನೂ ಬಿಗಿ ಮಾಡಿದರು: ಲೋಹ ಬಂದು ಜಾಗ ಹಿಡಿಯಬಲ್ಲಂಥ ಹೈಡ್ರೋಜನ್ ಇದ್ದರೆ ಆಮ್ಲ.

ಒಂದು ಮಾತು ಗಮನಿಸಿ. ಆಕ್ಸಿಜನ್ ಹೋಗಿ ಹೈಡ್ರೋಜನ್ ಬಂತು, ಉತ್ತರ ಬದಲಾಯಿತು. ಪ್ರಶ್ನೆ ಅದೇ ಉಳಿಯಿತು: ಆಮ್ಲದ ಒಳಗೆ ಏನಿದೆ? ಆ ಪ್ರಶ್ನೆ ಸುಮಾರು ಒಂದೂವರೆ ಶತಮಾನ ಬಾಳಿತು. ಅದು ಬದಲಾದ ಗಳಿಗೆಯೇ ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಪ್ರಿಯವಾದದ್ದು. ಅಲ್ಲಿಗೆ ಬರುತ್ತೇನೆ, ಅದಕ್ಕೆ ಮುಂಚೆ ಅರ್ಹೇನಿಯಸ್.

ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ತಮ್ಮ ಪ್ರಬಂಧ ಒಪ್ಪಿಸಿದರು. ಅಲ್ಲಿನ ಪ್ರಾಧ್ಯಾಪಕರು ಮೆಚ್ಚಲಿಲ್ಲ, ಕೆಳಗಿನ ದರ್ಜೆಯಲ್ಲಿ ಪಾಸು ಮಾಡಿದರು. ಉಪ್ಪನ್ನು ನೀರಿಗೆ ಹಾಕಿದ ಕೂಡಲೇ ಅದು ವಿದ್ಯುದಾವೇಶ ಹೊತ್ತ ಚೂರುಗಳಾಗಿ ಒಡೆಯುತ್ತದೆ ಎಂಬ ಮಾತನ್ನು ಆಗ ನಂಬುವುದು ಕಷ್ಟವಿತ್ತು. ಸೋಡಿಯಂ, ಕ್ಲೋರಿನ್ ಬೇರೆಬೇರೆಯಾಗಿದ್ದರೆ ನೀರು ಸಿಡಿಯಬೇಡವೇ, ಹಸಿರು ಅನಿಲ ಏಳಬೇಡವೇ? ಅಯಾನಿಗೂ ಪರಮಾಣುವಿಗೂ ಇರುವ ವ್ಯತ್ಯಾಸ ಮನಸ್ಸಿಗೆ ಇಳಿಯಲು ಜಗತ್ತಿಗೆ ಕಾಲ ಹಿಡಿಯಿತು. ರೀಗಾದಿಂದ ಓಸ್ಟ್‌ವಾಲ್ಡ್ ಎಂಬ ವಿಜ್ಞಾನಿ ಬೆಂಬಲಕ್ಕೆ ನಿಂತರು. 1903ರಲ್ಲಿ ಅದೇ ಸಿದ್ಧಾಂತಕ್ಕೆ ಅರ್ಹೇನಿಯಸ್‌ಗೆ ನೊಬೆಲ್ ಬಂತು.

ಈ ಸಿದ್ಧಾಂತದ ಚೆಲುವು ನೋಡಬೇಕೆಂದರೆ ಶಾಖ ಅಳೆಯಬೇಕು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಹಾಕಿ, ಇಲ್ಲವೇ ನೈಟ್ರಿಕ್ ಆಮ್ಲಕ್ಕೆ ಕಾಸ್ಟಿಕ್ ಪೊಟ್ಯಾಶ್ ಹಾಕಿ. ಪ್ರಬಲ ಆಮ್ಲ, ಪ್ರಬಲ ಕ್ಷಾರದ ಯಾವ ಜೋಡಿ ಬೇಕಾದರೂ ಆರಿಸಿಕೊಳ್ಳಿ. ತೆಳು ದ್ರಾವಣದಲ್ಲಿ ಒಂದು ಮೋಲ್ ನೀರು ಹುಟ್ಟುವಾಗ ಏಳುವ ಶಾಖ ಸುಮಾರು 57 ಕಿಲೋಜೂಲ್. ಎಲ್ಲ ಜೋಡಿಗೂ ಹೆಚ್ಚುಕಮ್ಮಿ ಅಷ್ಟೇ. ಆಮ್ಲ ಬೇರೆ, ಕ್ಷಾರ ಬೇರೆ, ಉಳಿಯುವ ಲವಣ ಬೇರೆ, ಶಾಖ ಮಾತ್ರ ಯಾಕೆ ಒಂದೇ? ಏಕೆಂದರೆ ಅಲ್ಲಿ ನಿಜವಾಗಿ ನಡೆಯುವುದು ಒಂದೇ ಕ್ರಿಯೆ: ಹೈಡ್ರೋಜನ್ ಅಯಾನು ಹೈಡ್ರಾಕ್ಸೈಡ್ ಅಯಾನಿನ ಜೊತೆ ಸೇರಿ ನೀರಾಗುವುದು. ಉಳಿದವು ನೀರಿನಲ್ಲಿ ಸುಮ್ಮನೆ ತೇಲಿಕೊಂಡಿರುತ್ತವೆ. ಇಂಥ ಒಂದು ಸಂಖ್ಯೆ ಎದುರಿಗಿದ್ದಾಗ ಪರೀಕ್ಷಕರು ಕೊಟ್ಟ ದರ್ಜೆ ಎಷ್ಟು ದಿನ ನಿಂತೀತು!

ಪಿಎಚ್ ಬಂದದ್ದೂ ಈ ದಾರಿಯಲ್ಲೇ, 1909ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಸೋರೆನ್ಸನ್ ಎನ್ನುವವರು ಕಿಣ್ವಗಳ ಮೇಲೆ ಕೆಲಸ ಮಾಡುವಾಗ ಈ ಅಳತೆಗೋಲನ್ನು ತಂದರು. ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಿಬಿಡುತ್ತೇನೆ. 7 ಅಂದರೆ ತಟಸ್ಥ ಅನ್ನುವುದು 25 ಡಿಗ್ರಿ ಸೆಲ್ಸಿಯಸ್‌ನ ಮಾತು. ನೀರು ಬಿಸಿಯಾದಷ್ಟೂ ಹೆಚ್ಚು ಅಯಾನುಗಳಾಗಿ ಒಡೆಯುತ್ತದೆ. ನಮ್ಮ ದೇಹದ 37 ಡಿಗ್ರಿಯಲ್ಲಿ ತಟಸ್ಥ ಬಿಂದು ಸುಮಾರು 6.8. ಕುದಿಯುವ ಶುದ್ಧ ನೀರಿನ ಪಿಎಚ್ 6ರ ಆಸುಪಾಸು, ಆದರೂ ಅದು ಆಮ್ಲವಲ್ಲ.

ಅರ್ಹೇನಿಯಸ್ ಎಲ್ಲಿ ಸಿಕ್ಕಿಕೊಂಡರು? ಅವರ ವ್ಯಾಖ್ಯೆಗೆ ನೀರು ಬೇಕೇ ಬೇಕು, ಆಮ್ಲದ ಎದುರಾಳಿಯಾದ ಪ್ರತ್ಯಾಮ್ಲಕ್ಕೆ (ಬೇಸ್) ಹೈಡ್ರಾಕ್ಸೈಡ್ ಬೇಕೇ ಬೇಕು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡಿದವರು ಇಲ್ಲಿ ಕೆಲವರಿದ್ದೀರಿ. ಅಮೋನಿಯಾ ಬಾಟಲಿಯನ್ನೂ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯನ್ನೂ ಒಂದೇ ಕಪಾಟಿನಲ್ಲಿ ಇಟ್ಟರೆ ಏನಾಗುತ್ತದೆ ನಿಮಗೆ ಗೊತ್ತು. ಎರಡರ ಮುಚ್ಚಳ, ಕಪಾಟಿನ ಗಾಜು, ಪಕ್ಕದ ಬಾಟಲಿಗಳ ಲೇಬಲ್ ಎಲ್ಲದರ ಮೇಲೂ ಬಿಳಿ ಪುಡಿ ಕೂರುತ್ತದೆ. ಅದು ಅಮೋನಿಯಂ ಕ್ಲೋರೈಡ್, ನವಸಾಗರ. ಎರಡು ಅನಿಲಗಳು ಗಾಳಿಯಲ್ಲಿ ಸಂಧಿಸಿ ಲವಣವಾದವು. ದ್ರಾವಣವಿಲ್ಲ, ಹೈಡ್ರಾಕ್ಸೈಡ್ ಇಲ್ಲ, ಆದರೂ ಆಮ್ಲ-ಪ್ರತ್ಯಾಮ್ಲ ಕ್ರಿಯೆ ಮುಗಿದಿದೆ.

ಈಗ 1923. ಕೋಪನ್‌ಹೇಗನ್‌ನಲ್ಲಿ ಬ್ರಾನ್‌ಸ್ಟೆಡ್, ಕೇಂಬ್ರಿಜ್‌ನಲ್ಲಿ ಲೌರಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಮಾತಿಗೆ ಬಂದರು. ಪ್ರೋಟಾನ್, ಅಂದರೆ ಅದೇ ಹೈಡ್ರೋಜನ್ ಅಯಾನು, ಅದನ್ನು ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಇದು ಅರ್ಹೇನಿಯಸ್ ಹೇಳಿದ್ದನ್ನೇ ಸ್ವಲ್ಪ ತಿರುಗಿಸಿ ಹೇಳಿದಂತೆ ಕೇಳುತ್ತದೆ. ನಿಜಕ್ಕೂ ಇಲ್ಲಿ ನೆಲವೇ ಬದಲಾಗಿದೆ. ಕೊಡುವುದು ಎಂದ ಮೇಲೆ ಇಸಿದುಕೊಳ್ಳುವವರು ಇರಲೇಬೇಕು. ಒಂಟಿ ಪ್ರೋಟಾನ್ ನೀರಿನಲ್ಲಿ ಬರಿಮೈಯಲ್ಲಿ ಅಲೆಯುವುದಿಲ್ಲ. ಪರಮಾಣುವಿನ ಲಕ್ಷದಲ್ಲೊಂದು ಭಾಗದಷ್ಟು ಚಿಕ್ಕದಾದ ಅದು ಕೂಡಲೇ ಯಾವುದಾದರೂ ನೀರಿನ ಅಣುವಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಹೈಡ್ರೋಜನ್ ಕ್ಲೋರೈಡನ್ನು ನೀರಿಗೆ ಬಿಟ್ಟಾಗ ನೀರು ಅಲ್ಲಿ ಪ್ರತ್ಯಾಮ್ಲ. ಅದೇ ನೀರಿಗೆ ಅಮೋನಿಯಾ ಬಿಟ್ಟರೆ ನೀರು ಪ್ರೋಟಾನ್ ಕೊಡುತ್ತದೆ, ಅಲ್ಲಿ ಅದು ಆಮ್ಲ. ಒಂದು ವಸ್ತು ಆಮ್ಲ ಹೌದೋ ಅಲ್ಲವೋ ಎಂದು ಆ ವಸ್ತುವೊಂದನ್ನೇ ಹಿಡಿದು ಹೇಳಲಾಗದು. ಯಾರ ಎದುರಿಗೆ ಎಂದು ಕೇಳಬೇಕು. ನಾನು ಆಗ ಹೇಳಿದ ಗಳಿಗೆ ಇದು.

ಇದು ಎಲ್ಲಿಯವರೆಗೆ ಹೋಗುತ್ತದೆ ಗೊತ್ತೇ? ಡೊಂಬಿವಲಿ, ಅಂಬರ್‌ನಾಥ್ ಕಡೆ ಬಣ್ಣ ತಯಾರಿಕೆಯ ನಡುಹಂತದ ರಾಸಾಯನಿಕಗಳನ್ನು ಮಾಡುವವರು ಬೆಂಜೀನಿಗೆ ನೈಟ್ರೇಶನ್ ಮಾಡುವಾಗ, ಅಂದರೆ ನೈಟ್ರೋ ಗುಂಪನ್ನು ಸೇರಿಸುವಾಗ, ನೈಟ್ರಿಕ್ ಆಮ್ಲಕ್ಕೆ ಗಂಧಕಾಮ್ಲ ಬೆರೆಸುತ್ತಾರೆ. ಎರಡೂ ಉಗ್ರ ಆಮ್ಲಗಳು ಎಂದು ಹೊರಗಿನವರು ಎಣಿಸುತ್ತಾರೆ. ಆ ಮಿಶ್ರಣದೊಳಗೆ ಗಂಧಕಾಮ್ಲ ಪ್ರೋಟಾನ್ ಕೊಡುತ್ತದೆ, ನೈಟ್ರಿಕ್ ಆಮ್ಲ ತೆಗೆದುಕೊಳ್ಳುತ್ತದೆ. ಅಂದರೆ ನೈಟ್ರಿಕ್ ಆಮ್ಲ ಅಲ್ಲಿ ಪ್ರತ್ಯಾಮ್ಲ! ಪ್ರೋಟಾನ್ ಹೊತ್ತ ಅದು ನೀರನ್ನು ಕಳಚಿ ನೈಟ್ರೋನಿಯಂ ಅಯಾನಾಗುತ್ತದೆ. ಬೆಂಜೀನಿನ ಮೇಲೆ ಎರಗುವುದು ಈ ಅಯಾನು. ನೈಟ್ರಿಕ್ ಆಮ್ಲ ಹೀಗೆ ಪ್ರತ್ಯಾಮ್ಲವಾಗದೆ ಇದ್ದರೆ ಈ ಕ್ರಿಯೆ ಸಾಗುವುದೇ ಇಲ್ಲ.

ನಾನು ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ದುಡಿದವನು, ಹಾಗಾಗಿ ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವ ಆಸೆ. ಅಮೀಬಾ ಭೇದಿಗೆ ಕೊಡುವ ಮೆಟ್ರೊನಿಡಜೋಲ್ ನಿಮಗೆಲ್ಲ ಗೊತ್ತು. ಅದು ಪ್ರತ್ಯಾಮ್ಲ, ಆದರೆ ಬಹಳ ದುರ್ಬಲ. ಬಂದ ಮಾಲಿನಲ್ಲಿ ಅದು ನೂರಕ್ಕೆ ಎಷ್ಟು ಇದೆ ಎಂದು ತಿಳಿಯಬೇಕಾದರೆ ಟೈಟ್ರೇಶನ್ ಮಾಡಬೇಕು, ಅಂದರೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತೆಂದು ಅಳೆಯಬೇಕು. ನೀರಿನಲ್ಲಿ ಮಾಡಲು ಹೋದರೆ ಎಂಡ್ ಪಾಯಿಂಟೇ, ಅಂದರೆ ಕ್ರಿಯೆ ಮುಗಿದ ಗುರುತೇ, ಕಾಣಿಸುವುದಿಲ್ಲ. ಯಾಕೆ? ನೀರೂ ಪ್ರತ್ಯಾಮ್ಲವಾಗಿ ವರ್ತಿಸುತ್ತದಲ್ಲ, ಬ್ಯೂರೆಟ್ಟಿನಿಂದ (ಆಮ್ಲ ಬಿಡುವ ಅಳತೆ ಕೊಳವೆ) ಬಿದ್ದ ಪ್ರೋಟಾನಿಗಾಗಿ ಅದು ಔಷಧದ ಜೊತೆ ಪೈಪೋಟಿಗೆ ನಿಲ್ಲುತ್ತದೆ. ನೀರಿನ ಅಣುಗಳ ಸಂಖ್ಯೆಯ ಮುಂದೆ ಔಷಧ ಎಷ್ಟರದು!

ಉಪಾಯ ಏನೆಂದರೆ ನೀರನ್ನೇ ತೆಗೆದುಹಾಕುವುದು. ಔಷಧವನ್ನು ನೀರಿಲ್ಲದ ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರಿನ ಹುಳಿಯ ಅಪ್ಪಟ ರೂಪದಲ್ಲಿ, ಕರಗಿಸುತ್ತೇವೆ. ಮೇಲಿನಿಂದ ಪರ್‌ಕ್ಲೋರಿಕ್ ಆಮ್ಲ ಬಿಡುತ್ತೇವೆ. ಅಸಿಟಿಕ್ ಆಮ್ಲ ತಾನೇ ಆಮ್ಲವಾದ್ದರಿಂದ ಪ್ರೋಟಾನ್ ಇಸಿದುಕೊಳ್ಳಲು ಅದಕ್ಕೆ ನೀರಿಗಿರುವಷ್ಟು ಆಸಕ್ತಿಯಿಲ್ಲ. ಒಲ್ಲದ ಮನಸ್ಸಿನಿಂದ ತೆಗೆದುಕೊಂಡದ್ದನ್ನು ಎದುರಿಗಿರುವ ಔಷಧಕ್ಕೆ ತಕ್ಷಣ ದಾಟಿಸುತ್ತದೆ. ನೀರಿನಲ್ಲಿ ಸತ್ತಂತಿದ್ದ ಪ್ರತ್ಯಾಮ್ಲ ಇಲ್ಲಿ ಜೀವ ತಳೆಯುತ್ತದೆ. ಎಂಡ್ ಪಾಯಿಂಟ್ ಸ್ಪಷ್ಟವಾಗಿ ಸಿಗುತ್ತದೆ. 0.1 ಮೋಲಾರ್ ಪರ್‌ಕ್ಲೋರಿಕ್ ಆಮ್ಲದ ಪ್ರತಿ ಮಿಲಿಲೀಟರಿಗೆ 17.12 ಮಿಲಿಗ್ರಾಂ ಮೆಟ್ರೊನಿಡಜೋಲ್ ಎಂದು ಲೆಕ್ಕ.

ಪರ್‌ಕ್ಲೋರಿಕ್ ಆಮ್ಲವೇ ಯಾಕೆ, ಹೈಡ್ರೋಕ್ಲೋರಿಕ್ ಯಾಕೆ ಬೇಡ? ನೀರಿನಲ್ಲಿ ಪರ್‌ಕ್ಲೋರಿಕ್, ಹೈಡ್ರೋಕ್ಲೋರಿಕ್, ನೈಟ್ರಿಕ್ ಮೂರೂ ಒಂದೇ ಬಲದವಾಗಿ ಕಾಣುತ್ತವೆ. ತೂಗುಹಾಕುವ ಸ್ಪ್ರಿಂಗ್ ತಕ್ಕಡಿಯಲ್ಲಿ ಐದು ಕಿಲೋ ದಾಟಿದ ಯಾವ ಚೀಲವನ್ನು ಕಟ್ಟಿದರೂ ಮುಳ್ಳು ಕೊನೆಗೆ ಹೋಗಿ ನಿಲ್ಲುತ್ತದಲ್ಲ, ಹಾಗೆ. ನೀರು ಮೂರರ ಪ್ರೋಟಾನನ್ನೂ ಪೂರ್ತಿ ಕಿತ್ತುಕೊಳ್ಳುವುದರಿಂದ ಕೊನೆಗೆ ಉಳಿಯುವುದು ಒಂದೇ ಆಮ್ಲ, ಹೈಡ್ರೋನಿಯಂ ಅಯಾನು. ಅಸಿಟಿಕ್ ಆಮ್ಲಕ್ಕೆ ಅಷ್ಟು ಕಿತ್ತುಕೊಳ್ಳುವ ಶಕ್ತಿಯಿಲ್ಲ, ಹಾಗಾಗಿ ಅಲ್ಲಿ ನಿಜವಾದ ಬಲಾಬಲ ಹೊರಬೀಳುತ್ತದೆ. ಪರ್‌ಕ್ಲೋರಿಕ್ ಎಲ್ಲರಿಗಿಂತ ಮೇಲೆ, ಹೈಡ್ರೋಕ್ಲೋರಿಕ್ ಕೆಳಗೆ, ನೈಟ್ರಿಕ್ ಅದಕ್ಕೂ ಕೆಳಗೆ.

ಮಾರುಕಟ್ಟೆಯಲ್ಲಿ ಸಿಗುವ ಪರ್‌ಕ್ಲೋರಿಕ್ ಆಮ್ಲದಲ್ಲಿ ನೂರಕ್ಕೆ ಮೂವತ್ತರಷ್ಟು ನೀರೇ ಇರುತ್ತದೆ. ಅದನ್ನು ತೆಗೆಯಲು ಲೆಕ್ಕ ಹಾಕಿ ಅಸಿಟಿಕ್ ಅನ್‌ಹೈಡ್ರೈಡ್ ಸೇರಿಸಬೇಕು, ಅದೂ ನಿಧಾನವಾಗಿ, ತಂಪಾಗಿಟ್ಟು. ಜುಲೈ ತಿಂಗಳ ಮುಂಬಯಿಯ ಗಾಳಿಯಲ್ಲಿ ಬಾಟಲಿ ತೆರೆದಿಟ್ಟು ಮಾತಾಡುತ್ತ ನಿಂತರೆ ದ್ರಾವಣ ತೇವ ಎಳೆದುಕೊಂಡು ಫಲಿತಾಂಶ ಕೆಡುತ್ತದೆ. ಇನ್ನೊಂದು, ಅಸಿಟಿಕ್ ಆಮ್ಲ ಬಿಸಿಗೆ ನೀರಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ, ಒಂದು ಡಿಗ್ರಿಗೆ ಸುಮಾರು ಶೇಕಡಾ 0.1. ಬೆಳಿಗ್ಗೆ ಎ.ಸಿ. ಕೋಣೆಯಲ್ಲಿ ಪ್ರಮಾಣೀಕರಿಸಿದ ದ್ರಾವಣವನ್ನು ಮಧ್ಯಾಹ್ನ ಕರೆಂಟ್ ಹೋದ ಮೇಲೆ ಬಳಸುವುದಾದರೆ ಉಷ್ಣತೆಯ ತಿದ್ದುಪಡಿ ಹಾಕಲೇಬೇಕು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಇವನ್ನು ನಿಯಮವಾಗಿ ಹೇಳುತ್ತಿರಲಿಲ್ಲ. ಮೊದಲು ಬ್ರಾನ್‌ಸ್ಟೆಡ್ ಹೇಳಿ, ನೀರು ಅಲ್ಲಿ ಯಾರ ಪಾಲನ್ನು ಕಸಿಯುತ್ತಿದೆ ಎಂದು ತೋರಿಸುತ್ತಿದ್ದೆ. ಆಮೇಲೆ ಮುಚ್ಚಳ ಹಾಕಿ ಎಂದು ಯಾರಿಗೂ ಹೇಳಬೇಕಾಗುತ್ತಿರಲಿಲ್ಲ.

ಬೋರಿಕ್ ಪೌಡರಿಗೆ ಬರೋಣ. ಅದೇ 1923ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಗಿಲ್ಬರ್ಟ್ ಲೂಯಿಸ್ ಎಲೆಕ್ಟ್ರಾನ್ ಜೋಡಿಯ ಕಡೆಯಿಂದ ನೋಡಿದರು. ಎಲೆಕ್ಟ್ರಾನ್ ಜೋಡಿಯನ್ನು ನೀಡುವುದು ಪ್ರತ್ಯಾಮ್ಲ, ಆ ಜೋಡಿಗೆ ಜಾಗ ಕೊಡುವುದು ಆಮ್ಲ. ಆಮ್ಲದಲ್ಲಿ ಹೈಡ್ರೋಜನ್ ಇರಲೇಬೇಕು ಅನ್ನುವುದು, ಆಕ್ಸಿಜನ್ ಇದ್ದರೆ ಮಾತ್ರ ಉತ್ಕರ್ಷಣಕಾರಿ (ಆಕ್ಸಿಡೈಸರ್) ಅಂದಷ್ಟೇ ರಸಾಯನಶಾಸ್ತ್ರದ ತಿಳಿವಳಿಕೆಗೆ ಅಡ್ಡಿ ಎಂಬುದು ಅವರ ವಾದ. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1938ರಲ್ಲಿ ಅವರು ಮತ್ತೆ ಇದಕ್ಕೇ ಬಂದು, ಹೈಡ್ರೋಜನ್ ಇಲ್ಲದ ಆಮ್ಲಗಳೂ ಸೂಚಕಗಳ ಬಣ್ಣವನ್ನು ಮಾಮೂಲಿ ಆಮ್ಲಗಳಂತೆಯೇ ಬದಲಿಸುತ್ತವೆ ಎಂದು ತೋರಿಸಿದರು. ಲೂಯಿಸ್‌ಗೆ ಎಷ್ಟೋ ಬಾರಿ ನಾಮಕರಣವಾದರೂ ನೊಬೆಲ್ ಬರಲೇ ಇಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಬೋರಿಕ್ ಆಮ್ಲದ ಅಣುವಿನಲ್ಲಿರುವ ಬೋರಾನ್ ಪರಮಾಣುವಿನ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ಇರಬೇಕಾದ ಕಡೆ ಆರೇ ಇವೆ. ಒಂದು ಜೋಡಿಗೆ ಜಾಗ ಖಾಲಿ. ಬೋರಿಕ್ ಆಮ್ಲವನ್ನು ನೀರಿಗೆ ಹಾಕಿದಾಗ ಆ ಖಾಲಿ ಜಾಗಕ್ಕೆ ನೀರಿನ ಹೈಡ್ರಾಕ್ಸೈಡ್ ಬಂದು ಕೂರುತ್ತದೆ. ನೀರಿನಲ್ಲಿ ಒಂಟಿಯಾಗಿ ಉಳಿದ ಪ್ರೋಟಾನ್ ದ್ರಾವಣವನ್ನು ಆಮ್ಲೀಯ ಮಾಡುತ್ತದೆ. ಪ್ರೋಟಾನ್ ಬಂದದ್ದು ನೀರಿನಿಂದ. ಕೇರಂ ಪುಡಿ ಏನನ್ನೂ ಕೊಡಲಿಲ್ಲ, ತೆಗೆದುಕೊಂಡಿತು. ತೆಗೆದುಕೊಳ್ಳುವುದರಿಂದಲೇ ಅದು ಆಮ್ಲ.

ಇದೇ ಹಸಿವು ಇನ್ನೂ ಜೋರಾಗಿ ಇರುವುದು ಅಲ್ಯೂಮಿನಿಯಂ ಕ್ಲೋರೈಡಿಗೆ. ತಲೆನೋವು, ಮೈಕೈ ನೋವಿಗೆ ತೆಗೆದುಕೊಳ್ಳುವ ಐಬುಪ್ರೊಫೇನನ್ನು ಹಳೆಯ ವಿಧಾನದಲ್ಲಿ ಮಾಡುವಾಗ ಮೊದಲ ಹಂತಕ್ಕೆ ಇದು ಬೇಕು. ಕ್ರಿಯೆ ಮುಗಿದ ಮೇಲೂ ಅದು ಹುಟ್ಟಿದ ಕೀಟೋನಿನ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದುಕೊಂಡು ಕೂರುತ್ತದೆ, ಬಿಡುವುದಿಲ್ಲ. ಹಾಗಾಗಿ ಚಿಟಿಕೆಯಷ್ಟು ಹಾಕಿದರೆ ಸಾಲದು, ಸಮಸಮಕ್ಕಿಂತ ಹೆಚ್ಚು ಬೇಕು. ಕೊನೆಯಲ್ಲಿ ನೀರು ಸುರಿದು ಬಿಡಿಸಿದಾಗ ಅಲ್ಯೂಮಿನಿಯಂ ತುಂಬಿದ ಹುಳಿ ನೀರು ರಾಶಿ ರಾಶಿ ಬರುತ್ತದೆ. ಆ ನೀರಿನ ಸಮಸ್ಯೆಯ ಬೇರು ಒಂದು ಎಲೆಕ್ಟ್ರಾನ್ ಜೋಡಿಯ ಹಿಡಿತದಲ್ಲಿದೆ. ಹೊಸ ವಿಧಾನಗಳು ಅಲ್ಯೂಮಿನಿಯಂ ಕ್ಲೋರೈಡನ್ನು ಕೈಬಿಟ್ಟದ್ದಕ್ಕೆ ಇದೂ ಒಂದು ಕಾರಣ.

1963ರಲ್ಲಿ ರಾಲ್ಫ್ ಪಿಯರ್‌ಸನ್ ಲೂಯಿಸ್‌ನ ಆಮ್ಲಗಳಲ್ಲೇ ಗಟ್ಟಿ, ಮೆದು ಎಂದು ಎರಡು ಬಗೆ ಮಾಡಿದರು. ಚಿಕ್ಕ ಗಾತ್ರದ, ಎಲೆಕ್ಟ್ರಾನ್ ಮೋಡವನ್ನು ಬಿಗಿಯಾಗಿ ಹಿಡಿದವು ಗಟ್ಟಿ. ದೊಡ್ಡವು, ಮೋಡ ಸುಲಭವಾಗಿ ವಾಲುವಂಥವು ಮೆದು. ಗಟ್ಟಿಗೆ ಗಟ್ಟಿ ಒಲಿಯುತ್ತದೆ, ಮೆದುವಿಗೆ ಮೆದು. ಈ ಲೆಕ್ಕದಲ್ಲಿ ಆಕ್ಸಿಜನ್ ಗಟ್ಟಿ, ಗಂಧಕ ಮೆದು. ಗೋವಾ, ಬಳ್ಳಾರಿಯ ಕಬ್ಬಿಣದ ಅದಿರು ಆಕ್ಸೈಡ್, ಚಿತ್ರದುರ್ಗದ ಇಂಗಳದಾಳದ ತಾಮ್ರದ ಅದಿರು ಸಲ್ಫೈಡ್. ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗುವುದು ಗಾಳಿಯ ಗಂಧಕದಿಂದ. ಪಾದರಸ, ಆರ್ಸೆನಿಕ್ ಮೆದು ಜಾತಿಯವು, ಹಾಗಾಗಿ ದೇಹದೊಳಗೆ ಹೋದರೆ ಕಿಣ್ವಗಳಲ್ಲಿರುವ ಗಂಧಕವನ್ನು ಹುಡುಕಿ ಹಿಡಿಯುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸಿದ್ಧವಾದ ಡೈಮರ್‌ಕ್ಯಾಪ್ರೋಲ್ ಎಂಬ ಮದ್ದಿನಲ್ಲಿ ಎರಡು ಗಂಧಕ ಅಕ್ಕಪಕ್ಕ ಇವೆ. ಆರ್ಸೆನಿಕ್ಕನ್ನು ಕಿಣ್ವದಿಂದ ಬಿಡಿಸಿ ತಾನು ಹಿಡಿಯುವುದೇ ಅದರ ಕೆಲಸ.

ಇನ್ನೂ ಅಗಲವಾದ ವ್ಯಾಖ್ಯೆಗಳಿವೆ. 1939ರಲ್ಲಿ ಸೋವಿಯತ್ ರಸಾಯನಜ್ಞ ಉಸಾನೊವಿಚ್ ಉತ್ಕರ್ಷಣ-ಅಪಕರ್ಷಣವನ್ನೂ ಆಮ್ಲ-ಪ್ರತ್ಯಾಮ್ಲದೊಳಗೇ ಸೇರಿಸಿದರು. ನನ್ನ ಅಭಿಪ್ರಾಯದಲ್ಲಿ ಅಷ್ಟು ಅಗಲವಾದರೆ ಆ ಪದದಿಂದ ಕೆಲಸವಾಗುವುದಿಲ್ಲ.

ಪಠ್ಯಪುಸ್ತಕಗಳ ಬಗ್ಗೆ ನನಗೊಂದು ಬೇಸರವಿದೆ. ಅರ್ಹೇನಿಯಸ್ ತಪ್ಪು, ಬ್ರಾನ್‌ಸ್ಟೆಡ್ ಸ್ವಲ್ಪ ಸರಿ, ಲೂಯಿಸ್ ಪೂರ್ತಿ ಸರಿ ಎಂಬ ಮೆಟ್ಟಿಲಿನಂತೆ ಅವು ಕಲಿಸುತ್ತವೆ. ಕಾರ್ಖಾನೆಯ ಹುಳಿ ನೀರಿಗೆ ಎಷ್ಟು ಸುಣ್ಣ ಹಾಕಬೇಕೆಂದು ಲೆಕ್ಕ ಮಾಡುವವನಿಗೆ ಅರ್ಹೇನಿಯಸ್ ಸಾಕು, ಲೂಯಿಸ್ ಅವನಿಗೆ ಹೆಚ್ಚಿಗೆ ಏನೂ ಹೇಳುವುದಿಲ್ಲ. ಎರಡು ಸಿದ್ಧಾಂತ ಒಂದೇ ಫ್ಲಾಸ್ಕಿನಲ್ಲಿ ಕೆಲಸ ಮಾಡುವುದನ್ನು ನೋಡಬೇಕಿದ್ದರೆ ನಿಮ್ಮ ಸೊಸೈಟಿಗೆ ಬರುವ ಟ್ಯಾಂಕರ್ ನೀರನ್ನು ಪರೀಕ್ಷೆಗೆ ಕೊಡಿ.

ಬೋರ್‌ವೆಲ್ಲಿನಿಂದ ತುಂಬಿದ ಆ ನೀರಿನ ಗಡಸುತನಕ್ಕೆ ಕಾರಣ ಕ್ಯಾಲ್ಸಿಯಂ, ಮೆಗ್ನೀಸಿಯಂ. ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಅದೇ. ಅಳೆಯಲು ಬಳಸುವುದು ಇಡಿಟಿಎ ಎಂಬ ರಾಸಾಯನಿಕ. 1940ರ ದಶಕದಲ್ಲಿ ಜೂರಿಕ್‌ನ ಶ್ವಾರ್ಟ್ಸೆನ್‌ಬಾಖ್ ಈ ವಿಧಾನವನ್ನು ರೂಪಿಸಿದರು. ಇಡಿಟಿಎ ಒಂದು ಲೂಯಿಸ್ ಪ್ರತ್ಯಾಮ್ಲ, ಕ್ಯಾಲ್ಸಿಯಂ ಅಯಾನನ್ನು ಆರು ಕಡೆಯಿಂದ ಹಿಡಿಯುತ್ತದೆ. ಟೈಟ್ರೇಶನ್ನಿಗೆ ಮುಂಚೆ ಅಮೋನಿಯಾ ಬಫರ್ (ಪಿಎಚ್ ಅಲುಗದಂತೆ ಹಿಡಿದಿಡುವ ದ್ರಾವಣ) ಹಾಕಿ ಪಿಎಚ್ 10ಕ್ಕೆ ತರಬೇಕು ಎಂದು ವಿಧಾನ ಹೇಳುತ್ತದೆ. ಯಾಕೆಂದರೆ ಪಿಎಚ್ ಕಡಿಮೆಯಿದ್ದರೆ ಇಡಿಟಿಎ ಹಿಡಿಯಬೇಕಾದ ಜಾಗಗಳಲ್ಲಿ ಪ್ರೋಟಾನ್‌ಗಳು ಕೂತಿರುತ್ತವೆ. ಪ್ರೋಟಾನೂ ಕ್ಯಾಲ್ಸಿಯಮ್ಮೂ ಒಂದೇ ಜಾಗಕ್ಕೆ ಜಗಳವಾಡುತ್ತವೆ, ಅಂದರೆ ಪ್ರೋಟಾನ್ ಕೂಡ ಎಲೆಕ್ಟ್ರಾನ್ ಜೋಡಿ ಬಯಸುವ ಇನ್ನೊಂದು ಲೂಯಿಸ್ ಆಮ್ಲವಷ್ಟೇ. ಬ್ರಾನ್‌ಸ್ಟೆಡ್‌ನ ಬಫರ್ ಅದನ್ನು ಅಲ್ಲಿಂದ ಎಬ್ಬಿಸುತ್ತದೆ, ಆಮೇಲೆ ಕ್ಯಾಲ್ಸಿಯಂ ಬಂದು ಕೂರುತ್ತದೆ. ಸೂಚಕ ದ್ರಾಕ್ಷಿಗೆಂಪಿನಿಂದ ನೀಲಿಗೆ ತಿರುಗಿದಾಗ ಬ್ಯೂರೆಟ್ ನಿಲ್ಲಿಸಬೇಕು.

ಹಾಗಂತ ಪಿಎಚ್ಚನ್ನು 12 ದಾಟಿಸಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡಾಗಿ ತಳ ಸೇರುತ್ತದೆ, ಇಡಿಟಿಎಗೆ ಸಿಗುವುದು ಕ್ಯಾಲ್ಸಿಯಂ ಮಾತ್ರ. ಇದನ್ನೂ ನಾವು ಉಪಯೋಗಕ್ಕೆ ತಂದುಕೊಳ್ಳುತ್ತೇವೆ. ಅದೇ ನೀರಿನ ಇನ್ನೊಂದು ಪಾಲಿಗೆ ಕಾಸ್ಟಿಕ್ ಸೋಡಾ ಹಾಕಿ, ಮ್ಯೂರೆಕ್ಸೈಡ್ ಸೂಚಕ ಬಳಸಿ ಮತ್ತೆ ಟೈಟ್ರೇಟ್ ಮಾಡುತ್ತೇವೆ. ಮೊದಲ ಅಳತೆಯಿಂದ ಇದನ್ನು ಕಳೆದರೆ ಮೆಗ್ನೀಸಿಯಂ ಎಷ್ಟು ಎಂಬುದು ಸಿಗುತ್ತದೆ.